ಒಂದು ಕೆಜಿ ಉಪ್ಪು ನಿಮ್ಮ ಮನೆಗೆ ಎಷ್ಟು ದಿನ ಬರುತ್ತೆ? ಪ್ಯಾಕೆಟ್ ಮೇಲೆ ತಾರೀಕು ಬರೆದು ನೋಡಿ

ಪಾವಗಡ: ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತೆ ಅಂತ ಕೇಳಿದರೆ ಯಾವ ಮನೆಯಲ್ಲಾದರೂ ಥಟ್ಟನೆ ಉತ್ತರ ಬರುತ್ತೆ. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿರುತ್ತಾರೆ. ಅಕ್ಕಿ, ರಾಗಿ, ಎಣ್ಣೆ, ಸಕ್ಕರೆ ಎಲ್ಲದಕ್ಕೂ ತಿಂಗಳ ಲೆಕ್ಕ ಇದೆ. ಅದೇ ಉಪ್ಪಿನ ಬಗ್ಗೆ ಕೇಳಿ ನೋಡಿ. "ಖಾಲಿ ಆದಾಗ ತರ್ತೀವಿ" ಅಂತಾರೆ ಅಷ್ಟೇ. ಬೆಲೆ ಕಮ್ಮಿ ಇರೋ ಸಾಮಾನಿಗೆ ಯಾರು ಲೆಕ್ಕ ಇಡ್ತಾರೆ?

ಆದರೆ ಮನೆಯಲ್ಲಿ ಲೆಕ್ಕ ಇಡಲೇಬೇಕಾದ ಸಾಮಾನು ಯಾವುದಾದರೂ ಇದ್ದರೆ ಅದು ಉಪ್ಪು. ದಿನಕ್ಕೆ ಒಬ್ಬರು ಎಷ್ಟು ಉಪ್ಪು ತಿಂತಾರೆ ಅನ್ನೋದನ್ನು ಸರ್ಕಾರ, ವಿಜ್ಞಾನಿಗಳು, ವಿಶ್ವ ಆರೋಗ್ಯ ಸಂಸ್ಥೆ ಎಲ್ಲರೂ ಅಳೆಯುತ್ತಿದ್ದಾರೆ. ಅಳೆಯೋದು ಕೇಳಿದಷ್ಟು ಸುಲಭ ಅಲ್ಲ. ಹೇಗೆ ಅಳೀತಾರೆ, ನಮ್ಮ ಕಡೆ ಲೆಕ್ಕ ಎಷ್ಟು ಬಂದಿದೆ, ಮನೆಯಲ್ಲೇ ಕಾಸು ಖರ್ಚಿಲ್ಲದೆ ಲೆಕ್ಕ ಹಾಕೋದು ಹೇಗೆ ಅನ್ನೋ ವಿವರ ಇಲ್ಲಿದೆ.

ಯಾಕೆ ಬೇಕು ಈ ಲೆಕ್ಕ?

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನೋ ಗಾದೆ ಎಲ್ಲರಿಗೂ ಗೊತ್ತು. ದೇಹದ ಒಳಗೆ ನಡೆಯೋದೂ ಹೆಚ್ಚುಕಮ್ಮಿ ಅದೇ. ಉಪ್ಪಿನಲ್ಲಿ ಸೋಡಿಯಂ ಅನ್ನೋ ಅಂಶ ಇದೆ. ಅದು ದೇಹದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತೆ. ನೀರು ಜಾಸ್ತಿ ಆದರೆ ರಕ್ತನಾಳದಲ್ಲಿ ಹರಿಯುವ ರಕ್ತದ ಪ್ರಮಾಣ ಜಾಸ್ತಿ ಆಗುತ್ತೆ, ಒತ್ತಡ ಏರುತ್ತೆ. ಸಣ್ಣ ಪೈಪಿಗೆ ದೊಡ್ಡ ಮೋಟರ್ ಹಚ್ಚಿದ ಹಾಗೆ. ವರ್ಷಗಟ್ಟಲೆ ಹೀಗೇ ನಡೆದರೆ ಪೈಪು ಗಡುಸಾಗುತ್ತೆ, ಎಲ್ಲೋ ಒಂದು ಕಡೆ ಕೈ ಕೊಡುತ್ತೆ. ಮೆದುಳಲ್ಲಿ ಆದರೆ ಲಕ್ವ, ಹೃದಯದಲ್ಲಿ ಆದರೆ ಹಾರ್ಟ್ ಅಟ್ಯಾಕ್. ಕಿಡ್ನಿಗೂ ಪೆಟ್ಟು ಬೀಳುತ್ತೆ.

ಬಿಪಿಯ ಕಷ್ಟ ಏನಂದರೆ ಅದು ಬಂದಿರೋದೇ ಗೊತ್ತಾಗಲ್ಲ. ನೋವಿಲ್ಲ, ಜ್ವರ ಇಲ್ಲ. 2017-18ರಲ್ಲಿ ದೇಶಾದ್ಯಂತ ನಡೆದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ಸಮೀಕ್ಷೆಯಲ್ಲಿ 18ರಿಂದ 69 ವರ್ಷದೊಳಗಿನ 100 ಜನರಲ್ಲಿ ಸುಮಾರು 28 ಜನಕ್ಕೆ ಬಿಪಿ ಜಾಸ್ತಿ ಇತ್ತು. ಆ 28 ಜನರಲ್ಲಿ ತಮಗೆ ಬಿಪಿ ಇದೆ ಅಂತ ಗೊತ್ತಿದ್ದವರು ಸುಮಾರು 8 ಜನ ಮಾತ್ರ. ಉಳಿದ 20 ಜನ ಅಂಗಡಿ ನಡೆಸ್ತಾ, ಹೊಲ ಉಳ್ತಾ, ಬಸ್ಸಲ್ಲಿ ಓಡಾಡ್ತಾ ಆರಾಮಾಗಿದ್ದೀವಿ ಅಂದುಕೊಂಡೇ ಇದ್ದರು.

5 ಗ್ರಾಂ ಅಂದರೆ ಎಷ್ಟು?

ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಂದರೆ ಪುಡಿ ಉಪ್ಪಾದರೆ ಒಂದು ಟೀ ಚಮಚ ಪೂರ್ತಿ ಕೂಡ ಬೇಡ, ಸ್ವಲ್ಪ ಕಮ್ಮಿ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಾಯಂಕಾಲದ ಬೋಂಡ, ರಾತ್ರಿ ಮುದ್ದೆ ಸಾರು, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಎಲ್ಲಾ ಸೇರಿ ಇಷ್ಟೇ.

ಇಲ್ಲಿ ಒಂದು ವಿಷಯ ಗಮನಿಸಿ. ಲ್ಯಾಬ್ ರಿಪೋರ್ಟಲ್ಲಿ, ಬಿಸ್ಕತ್ತಿನ ಪ್ಯಾಕೆಟ್ ಹಿಂದೆ ಉಪ್ಪು ಅಂತ ಬರೆದಿರಲ್ಲ, ಸೋಡಿಯಂ ಅಂತ ಬರೆದಿರುತ್ತೆ. ಎರಡೂ ಒಂದೇ ಅಲ್ಲ. ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರೈಡ್ ಸೇರಿದ್ದು. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತೆ. 2000 ಮಿಲಿಗ್ರಾಂ ಸೋಡಿಯಂ ಅಂದರೆ 5 ಗ್ರಾಂ ಉಪ್ಪು. ಈ ಎರಡೂವರೆ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಾಲಿಗೆ ಹೇಳಲ್ಲ, ರಕ್ತ ಪರೀಕ್ಷೆನೂ ಹೇಳಲ್ಲ

"ನಮ್ಮನೇಲಿ ಉಪ್ಪು ಕಮ್ಮೀನೇ" ಅನ್ನೋ ಮಾತು ಎಲ್ಲಾ ಮನೆಯಲ್ಲೂ ಕೇಳುತ್ತೆ. ಹಾಗನ್ನೋರು ಸುಳ್ಳು ಹೇಳ್ತಿಲ್ಲ. ಅವರ ನಾಲಿಗೆಗೆ ಅದು ಕಮ್ಮಿಯೇ. ನಾಲಿಗೆ ಯಾವುದಕ್ಕೆ ಒಗ್ಗಿಕೊಂಡಿದೆಯೋ ಅದನ್ನೇ ಸರಿ ಅನ್ನುತ್ತೆ. ಜಾಸ್ತಿ ಉಪ್ಪಿಗೆ ಒಗ್ಗಿದವರಿಗೆ ಸರಿಯಾದ ಉಪ್ಪೂ ಸಪ್ಪೆ. ಅದೂ ಅಲ್ಲದೆ ಬ್ರೆಡ್ಡು, ಬನ್ನು, ಬಿಸ್ಕತ್ತಿನಲ್ಲಿ ಉಪ್ಪಿದ್ದರೂ ಉಪ್ಪುಪ್ಪು ಅನಿಸಲ್ಲ. ಬೋಂಡ ಬಜ್ಜಿಗೆ ಹಾಕೋ ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಗೋಬಿ ಮಂಚೂರಿ ಗಾಡಿಯಲ್ಲಿ ಹಾಕೋ ಟೇಸ್ಟಿಂಗ್ ಪೌಡರ್‌ನಲ್ಲೂ ಇದೆ.

ಇನ್ನು ಕೆಲವರು ರಕ್ತ ಪರೀಕ್ಷೆಯ ರಿಪೋರ್ಟ್ ತೋರಿಸ್ತಾರೆ. "ನೋಡಿ, ಸೋಡಿಯಂ ನಾರ್ಮಲ್ ಬಂದಿದೆ, ಉಪ್ಪಿನ ಚಿಂತೆ ಇಲ್ಲ" ಅಂತ. ಇದು ತಪ್ಪು ಲೆಕ್ಕ. ರಕ್ತದಲ್ಲಿ ಸೋಡಿಯಂ ಸಾಮಾನ್ಯವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರುತ್ತೆ. ನೀವು ದಿನಕ್ಕೆ 4 ಗ್ರಾಂ ಉಪ್ಪು ತಿನ್ನಿ, 12 ಗ್ರಾಂ ತಿನ್ನಿ, ಆರೋಗ್ಯವಂತರಲ್ಲಿ ಆ ಅಂಕಿ ಅಲ್ಲೇ ಇರುತ್ತೆ. ಜಾಸ್ತಿ ಬಂದ ಉಪ್ಪಿಗೆ ತಕ್ಕ ಹಾಗೆ ದೇಹ ನೀರು ಸೇರಿಸಿಕೊಂಡು, ಕಿಡ್ನಿ ಮೂಲಕ ಹೊರಗೆ ಹಾಕಿ ಅದನ್ನು ಸರಿದೂಗಿಸುತ್ತೆ. ಹಾಗಾಗಿ ತಿಂದ ಉಪ್ಪಿನ ಲೆಕ್ಕ ರಕ್ತದಲ್ಲಿ ಸಿಗಲ್ಲ. ಎಲ್ಲಿಂದ ಹೊರಗೆ ಹೋಗುತ್ತೋ ಅಲ್ಲಿ ಸಿಗುತ್ತೆ.

ಕೇಳಿ ಬರೆದುಕೊಳ್ಳೋ ವಿಧಾನ

ಎಲ್ಲಕ್ಕಿಂತ ಸುಲಭ ಅಂದರೆ ಕೇಳೋದು. ಸಮೀಕ್ಷೆಯವರು ಮನೆಗೆ ಬಂದು ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ, ಎಷ್ಟು ತಿಂದಿರಿ ಅಂತ ಕೇಳಿ ಬರೆದುಕೊಳ್ತಾರೆ. ಆಮೇಲೆ ಯಾವ ಪದಾರ್ಥದಲ್ಲಿ ಎಷ್ಟು ಸೋಡಿಯಂ ಅನ್ನೋ ಪಟ್ಟಿ ಇಟ್ಟುಕೊಂಡು ಕೂಡ್ತಾರೆ.

ಪ್ಯಾಕೆಟ್ ಊಟ ಜಾಸ್ತಿ ತಿನ್ನೋ ದೇಶಗಳಲ್ಲಿ ಇದು ಸ್ವಲ್ಪ ಮಟ್ಟಿಗೆ ನಡೆಯುತ್ತೆ. ಅಮೆರಿಕ, ಇಂಗ್ಲೆಂಡಲ್ಲಿ ಬಹುಪಾಲು ಉಪ್ಪು ಬರೋದು ಫ್ಯಾಕ್ಟರಿಯಲ್ಲಿ ತಯಾರಾದ ತಿಂಡಿ ಮತ್ತು ಹೋಟೆಲ್ ಊಟದಿಂದ. ಪ್ಯಾಕೆಟ್ ಮೇಲೆ ಅಂಕಿ ಇರುತ್ತೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಬಹುಪಾಲು ಉಪ್ಪು ಬೀಳೋದು ಮನೆ ಅಡುಗೆಯಲ್ಲಿ, ಅದೂ ಕೈ ಅಂದಾಜಿನಲ್ಲಿ. ಬಸ್ಸಾರಿಗೆ ಎಷ್ಟು ಉಪ್ಪು ಹಾಕಿದಿರಿ ಅಂತ ಅಮ್ಮನನ್ನು ಕೇಳಿದರೆ "ರುಚಿಗೆ ತಕ್ಕಷ್ಟು" ಅಂತಾರೆ. ಅದನ್ನು ಗ್ರಾಂ ಮಾಡೋದು ಹೇಗೆ? ನಮ್ಮ ಕಡೆ ಮುದ್ದೆಗೆ ಉಪ್ಪು ಹಾಕೋದು ಕಮ್ಮಿ, ಉಪ್ಪೆಲ್ಲಾ ಸಾರಲ್ಲೇ ಇರುತ್ತೆ. ಒಬ್ಬರು ಮುದ್ದೆಗೆ ಒಂದು ಸೌಟು ಸಾರು ಹಾಕಿಕೊಳ್ತಾರೆ, ಇನ್ನೊಬ್ಬರು ತಟ್ಟೆ ತುಂಬಾ ಬಿಟ್ಟುಕೊಂಡು ಕೊನೆಗೆ ಕುಡೀತಾರೆ. ಒಂದೇ ಮನೆ, ಒಂದೇ ಸಾರು, ತಿಂದ ಉಪ್ಪು ಮಾತ್ರ ಬೇರೆ ಬೇರೆ. ಹಾಗಾಗಿ ಕೇಳಿ ಬರೆದ ಲೆಕ್ಕ ಹೆಚ್ಚಾಗಿ ನಿಜಕ್ಕಿಂತ ಕಮ್ಮಿ ಬರುತ್ತೆ.

ತೂಗಿ ನೋಡೋ ವಿಧಾನ

ಎರಡನೇದು ಮನೆಗೆ ಬಂದ ಉಪ್ಪನ್ನು ತೂಗೋದು. ಮೊದಲ ದಿನ ಡಬ್ಬಿ ತೂಗಿ, ಕೆಲವು ದಿನ ಬಿಟ್ಟು ಮತ್ತೆ ತೂಗಿ, ಖರ್ಚಾದದ್ದನ್ನು ಮನೆ ಜನಕ್ಕೆ ಹಂಚೋದು. ಸರ್ಕಾರ ನಡೆಸೋ ಮನೆ ಖರ್ಚಿನ ಸಮೀಕ್ಷೆಯಲ್ಲೂ ತಿಂಗಳಿಗೆ ಎಷ್ಟು ಉಪ್ಪು ಕೊಂಡಿರಿ ಅಂತ ಕೇಳ್ತಾರೆ.

ಇದರಲ್ಲೂ ತೊಡಕಿದೆ. ಮನೆಗೆ ಬಂದ ಉಪ್ಪೆಲ್ಲಾ ಹೊಟ್ಟೆಗೆ ಹೋಗಲ್ಲ. ದನಕ್ಕೆ ಹಾಕ್ತಾರೆ, ಮಾವಿನಕಾಯಿ ಕಾಲದಲ್ಲಿ ಉಪ್ಪಿನಕಾಯಿಗೆ ಹೋಗುತ್ತೆ, ಸೊಪ್ಪು ತೊಳೆಯೋಕೆ, ಮೀನು ಮಾಂಸ ತೊಳೆಯೋಕೆ ಬಳಸ್ತಾರೆ, ಉಳಿದ ಸಾರು ಚೆಲ್ತಾರೆ. ಇನ್ನೊಂದು ಕಡೆ, ಹೋಟೆಲಲ್ಲಿ ತಿಂದ ಇಡ್ಲಿ ಸಾಂಬಾರಿನ ಉಪ್ಪು ಈ ಲೆಕ್ಕಕ್ಕೆ ಬರೋದೇ ಇಲ್ಲ. ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ.

24 ಗಂಟೆಯ ಕ್ಯಾನು

ಹಾಗಾದರೆ ನಂಬಿಕಸ್ಥ ಲೆಕ್ಕ ಯಾವುದು? ಮೂತ್ರ. ಕೇಳೋಕೆ ಮುಜುಗರ ಆದರೂ ವಿಜ್ಞಾನಿಗಳು ಇವತ್ತಿಗೂ ಎಲ್ಲಕ್ಕಿಂತ ಹೆಚ್ಚು ನಂಬೋದು ಇದನ್ನೇ. ನಾವು ತಿಂದ ಸೋಡಿಯಂನಲ್ಲಿ ಸುಮಾರು ಶೇ 90ರಷ್ಟು ಮೂತ್ರದಲ್ಲೇ ಹೊರಗೆ ಹೋಗುತ್ತೆ. ಉಳಿದದ್ದು ಬೆವರು ಮತ್ತು ಮಲದಲ್ಲಿ. ಅಂದರೆ ಒಂದು ದಿನ ಪೂರ್ತಿ ಹೊರಗೆ ಹೋದ ಮೂತ್ರ ಹಿಡಿದು ಅದರ ಸೋಡಿಯಂ ಅಳೆದರೆ ಒಳಗೆ ಹೋದ ಉಪ್ಪಿನ ಲೆಕ್ಕ ಸಿಕ್ಕ ಹಾಗೆ. ಅಡುಗೆಯವರು ಎಷ್ಟು ಹಾಕಿದರು, ಹೋಟೆಲಲ್ಲಿ ಎಷ್ಟಿತ್ತು, ಏನು ತಿಂದೆ ಅನ್ನೋದು ನೆನಪಿದೆಯೋ ಇಲ್ಲವೋ, ಯಾವುದೂ ಬೇಕಾಗಿಲ್ಲ.

ಮಾಡೋದು ಹೀಗೆ. ಬೆಳಗ್ಗೆ ಎದ್ದ ಕೂಡಲೇ ಹೋಗೋ ಮೊದಲ ಮೂತ್ರ ಹಿಡಿಯೋ ಹಾಗಿಲ್ಲ, ಅದು ಹಿಂದಿನ ದಿನದ್ದು. ಅದನ್ನು ಬಿಟ್ಟು ಗಂಟೆ ಬರೆದುಕೊಳ್ಳಬೇಕು. ಅಲ್ಲಿಂದ ಹಗಲು ರಾತ್ರಿ ಪ್ರತಿ ಸಲದ್ದೂ ಕೊಟ್ಟಿರೋ ಕ್ಯಾನಿಗೆ ಸೇರಬೇಕು. ಮಾರನೇ ದಿನ ಬೆಳಗಿನ ಮೊದಲ ಮೂತ್ರ ಸೇರಿಸಿದರೆ 24 ಗಂಟೆ ಮುಗೀತು. ಲ್ಯಾಬಿನವರು ಒಟ್ಟು ಎಷ್ಟು ಅಂತ ಅಳೆದು, ಅದರಲ್ಲಿ ಸ್ವಲ್ಪ ತೆಗೆದು ಸೋಡಿಯಂ ಪರೀಕ್ಷೆ ಮಾಡ್ತಾರೆ.

ಲೆಕ್ಕ ಸುಲಭ. ಉದಾಹರಣೆಗೆ 24 ಗಂಟೆಯ ಮೂತ್ರದಲ್ಲಿ 140 ಮಿಲಿಮೋಲ್ ಸೋಡಿಯಂ ಬಂತು ಅಂದುಕೊಳ್ಳಿ. ಒಂದು ಮಿಲಿಮೋಲ್ ಅಂದರೆ 23 ಮಿಲಿಗ್ರಾಂ. 140ನ್ನು 23ರಿಂದ ಗುಣಿಸಿದರೆ 3220 ಮಿಲಿಗ್ರಾಂ ಸೋಡಿಯಂ. ಎರಡೂವರೆಯಿಂದ ಗುಣಿಸಿದರೆ 8 ಗ್ರಾಂ ಉಪ್ಪು. ಬೆವರಲ್ಲಿ ಹೋದದ್ದು ಬೇರೆ.

ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಅಂಗಡಿ ಇಟ್ಟಿರೋರು ಕ್ಯಾನು ಗಲ್ಲಾಪೆಟ್ಟಿಗೆ ಪಕ್ಕ ಇಟ್ಟುಕೊಳ್ಳೋಕಾಗುತ್ತಾ? ಕಡ್ಲೆಕಾಯಿ ಕೀಳೋಕೆ ಹೋದ ಹೆಂಗಸರು ಹೊಲದಲ್ಲಿ ಏನು ಮಾಡಬೇಕು? ಒಂದೇ ಒಂದು ಸಲ ಹೊರಗೆ ಹೋಗಿ ಬಂದರೂ ಲೆಕ್ಕ ತಪ್ಪುತ್ತೆ, ಉಪ್ಪು ನಿಜಕ್ಕಿಂತ ಕಮ್ಮಿ ಕಾಣುತ್ತೆ. ಅದಕ್ಕೇ ಪರೀಕ್ಷೆ ಮಾಡೋರು ಕಳ್ಳಲೆಕ್ಕ ಹಿಡಿಯೋ ದಾರಿಯನ್ನೂ ಇಟ್ಟುಕೊಂಡಿದ್ದಾರೆ. ಕ್ರಿಯಾಟಿನಿನ್ ಅನ್ನೋ ಪದಾರ್ಥ ಒಬ್ಬೊಬ್ಬರ ಮೈಕಟ್ಟಿಗೆ ತಕ್ಕಂತೆ ದಿನಾ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಮೂತ್ರದಲ್ಲಿ ಹೋಗುತ್ತೆ. ಅದು ತೀರಾ ಕಮ್ಮಿ ಬಂದರೆ ಮೂತ್ರ ಪೂರ್ತಿ ಹಿಡಿದಿಲ್ಲ ಅಂತ ಗೊತ್ತಾಗುತ್ತೆ. ಕೆಲವು ಅಧ್ಯಯನಗಳಲ್ಲಿ ಪಾಬಾ ಅನ್ನೋ ಮಾತ್ರೆಯನ್ನು ದಿನಕ್ಕೆ ಮೂರು ಸಲ ನುಂಗಿಸಿ, ಕೊಟ್ಟಿದ್ದರಲ್ಲಿ ಎಷ್ಟು ವಾಪಸ್ ಬಂತು ಅಂತ ನೋಡ್ತಾರೆ.

ಇನ್ನೊಂದು ಮಾತು. ಒಂದು ದಿನದ ಪರೀಕ್ಷೆಯಿಂದ ಒಬ್ಬ ಮನುಷ್ಯನ ಅಭ್ಯಾಸ ಹೇಳೋಕಾಗಲ್ಲ. ಹಬ್ಬದ ದಿನ ಒಂದು ಲೆಕ್ಕ, ಉಪವಾಸದ ದಿನ ಒಂದು ಲೆಕ್ಕ. ನೂರಾರು ಜನರದ್ದು ಸೇರಿಸಿ ಸರಾಸರಿ ತೆಗೆದಾಗ ಈ ಏರಿಳಿತ ಒಂದಕ್ಕೊಂದು ಸರಿಹೋಗುತ್ತೆ. ಅಂದರೆ ಇದು ಊರಿನ ಲೆಕ್ಕಕ್ಕೆ ಒಳ್ಳೆಯದು. ಒಬ್ಬರದೇ ಬೇಕಂದರೆ ಬೇರೆ ಬೇರೆ ದಿನ ಹಲವು ಸಲ ಮಾಡಬೇಕು.

ಒಂದು ಸಲದ ಮೂತ್ರ ಸಾಕಾಗಲ್ವಾ?

ಇಷ್ಟೆಲ್ಲಾ ಫಜೀತಿ ಯಾಕೆ, ಒಂದು ಸಣ್ಣ ಡಬ್ಬಿಯಲ್ಲಿ ಒಂದು ಸಲದ್ದು ಕೊಟ್ಟರೆ ಆಗಲ್ವಾ ಅಂತ ಕೇಳಬಹುದು. ಆ ವಿಧಾನನೂ ಇದೆ. ಒಂದು ಸಲದ ಮಾದರಿಯಲ್ಲಿ ಸೋಡಿಯಂ, ಕ್ರಿಯಾಟಿನಿನ್ ನೋಡಿ, ವಯಸ್ಸು, ತೂಕ, ಗಂಡೋ ಹೆಣ್ಣೋ ಅನ್ನೋದನ್ನು ಸೇರಿಸಿ, ಸೂತ್ರ ಹಾಕಿ 24 ಗಂಟೆಯದ್ದು ಇಷ್ಟಿರಬಹುದು ಅಂತ ಅಂದಾಜು ಮಾಡ್ತಾರೆ. ಕವಾಸಾಕಿ, ತನಾಕಾ, ಇಂಟರ್‌ಸಾಲ್ಟ್ ಅನ್ನೋ ಹೆಸರಿನ ಸೂತ್ರಗಳು ಹೆಚ್ಚು ಬಳಕೆಯಲ್ಲಿವೆ. ಮೊದಲ ಎರಡು ಜಪಾನಿನವರ ಮೇಲೆ ಮಾಡಿದ್ದು.

ಅನ್ನಕ್ಕೆ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡೋ ಹಾಗೆ ಇದು. ಆದರೆ ಇಲ್ಲಿ ಅಗುಳೆಲ್ಲಾ ಒಂದೇ ಥರ ಇರಲ್ಲ. ಬೆಳಗ್ಗೆದ್ದು ಬೇರೆ, ಉಪ್ಪಿಟ್ಟು ತಿಂದ ಮೇಲಿನದ್ದು ಬೇರೆ, ಎರಡು ಚೊಂಬು ನೀರು ಕುಡಿದ ಮೇಲಿನದ್ದು ಬೇರೆ. ಹಾಗಾಗಿ ದೊಡ್ಡ ಜನಸಂಖ್ಯೆಯ ಅಂದಾಜಿಗೆ ಸರಿ, ಒಬ್ಬರ ಉಪ್ಪಿನ ಲೆಕ್ಕ ಹೇಳೋಕೆ ನಂಬೋ ಹಾಗಿಲ್ಲ.

ಅಳೆದಾಗ ಬಂದ ಲೆಕ್ಕ

ಮೂತ್ರ ಪರೀಕ್ಷೆಯ ಹೆಸರಾಂತ ಅಧ್ಯಯನ ಇಂಟರ್‌ಸಾಲ್ಟ್. 1988ರಲ್ಲಿ ಪ್ರಕಟವಾಯ್ತು. 32 ದೇಶಗಳ 52 ಕಡೆ, 10 ಸಾವಿರಕ್ಕೂ ಹೆಚ್ಚು ಜನರ 24 ಗಂಟೆಯ ಮೂತ್ರ ಹಿಡಿದು ನೋಡಿದರು. ಭಾರತದಿಂದ ದೆಹಲಿ ಮತ್ತು ಲಡಾಖ್ ಇದ್ದವು. ಅತಿ ಕಮ್ಮಿ ಬಂದಿದ್ದು ಬ್ರೆಜಿಲ್ ಕಾಡಿನ ಯಾನೊಮಾಮಿ ಜನರಲ್ಲಿ. ಅವರು ಅಡುಗೆಗೆ ಉಪ್ಪೇ ಹಾಕಲ್ಲ. ಅತಿ ಹೆಚ್ಚು ಬಂದಿದ್ದು ಚೀನಾದ ತಿಯಾನ್‌ಜಿನ್‌ನಲ್ಲಿ, ದಿನಕ್ಕೆ ಸುಮಾರು 14 ಗ್ರಾಂ ಉಪ್ಪಿಗೆ ಸಮ. ಯಾನೊಮಾಮಿ ಜನರಲ್ಲಿ ವಯಸ್ಸಾದರೂ ಬಿಪಿ ಏರೋದು ಕಾಣಲಿಲ್ಲ. ವಯಸ್ಸಾದ ಮೇಲೆ ಬಿಪಿ ಬರೋದು ಸಹಜ ಅಂತ ನಾವಂದುಕೊಂಡಿದ್ದೀವಿ, ಎಲ್ಲಾ ಕಡೆ ಹಾಗಿಲ್ಲ ಅಂತ ಆಗ ಗೊತ್ತಾಯ್ತು.

ಈಗ ನಮ್ಮ ಹತ್ತಿರಕ್ಕೆ ಬರೋಣ. ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ದರೂ ಸುತ್ತ ಆಂಧ್ರ. ಊಟದಲ್ಲೂ ಆ ಕಡೆಯ ಉಪ್ಪು ಖಾರ ಇದೆ. ಆಂಧ್ರಪ್ರದೇಶದಲ್ಲಿ ಹಾಗೂ ದೆಹಲಿ, ಹರಿಯಾಣದಲ್ಲಿ ಒಟ್ಟು 1395 ಜನರನ್ನು ಸೇರಿಸಿಕೊಂಡು, 24 ಗಂಟೆ ಮೂತ್ರ ಹಿಡಿದು ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ದೆಹಲಿ, ಹರಿಯಾಣದಲ್ಲಿ ದಿನಕ್ಕೆ ಸರಾಸರಿ 8.59 ಗ್ರಾಂ. ಆಂಧ್ರದಲ್ಲಿ 9.46 ಗ್ರಾಂ. ಹೇಳಿದ್ದು 5 ಗ್ರಾಂ, ತಿಂತಿರೋದು ಹತ್ತಿರ ಹತ್ತಿರ ಡಬಲ್.

ಮೇಲೆ ಹೇಳಿದ 2017-18ರ ರಾಷ್ಟ್ರೀಯ ಸಮೀಕ್ಷೆಯನ್ನು ನಡೆಸಿದ್ದು ಬೆಂಗಳೂರಿನಲ್ಲಿರೋ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ. ಇದು ಐಸಿಎಂಆರ್‌ಗೆ ಸೇರಿದ ಸಂಸ್ಥೆ. ಅಲ್ಲಿ ಒಂದು ಸಲದ ಮೂತ್ರದ ವಿಧಾನ ಬಳಸಿದ್ದರು. ದೇಶದ ಸರಾಸರಿ ದಿನಕ್ಕೆ 8 ಗ್ರಾಂ ಬಂತು. ಗಂಡಸರು 8.9 ಗ್ರಾಂ, ಹೆಂಗಸರು 7.1 ಗ್ರಾಂ. ಬಿಪಿ ಇದ್ದವರೇ ಕಮ್ಮಿ ತಿನ್ನಬೇಕಿತ್ತು, ಅವರ ಸರಾಸರಿ 8.5 ಗ್ರಾಂ ಇತ್ತು. ಇದು ದೇಶಕ್ಕೆ ತೆಗೆದ ಸರಾಸರಿ, ನಮ್ಮ ತಾಲ್ಲೂಕಿಗೆ ಬೇರೆ ಅಂಕಿ ಇದರಲ್ಲಿ ಸಿಗಲ್ಲ. ಬೇಕಂದರೆ ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಅಳತೆಯಿಂದ ಏನು ಲಾಭ ಅನ್ನೋರಿಗೆ ಇಂಗ್ಲೆಂಡಿನ ಉದಾಹರಣೆ ಇದೆ. ಅಲ್ಲಿ 2001ರ ಸುಮಾರಿಗೆ ದಿನಕ್ಕೆ 9.5 ಗ್ರಾಂ ಇದ್ದದ್ದು 2011ಕ್ಕೆ 8.1 ಗ್ರಾಂಗೆ ಇಳಿಯಿತು. ಬ್ರೆಡ್ಡು, ತಿಂಡಿ ಮಾಡೋ ಕಂಪನಿಗಳಿಗೆ ಸ್ವಲ್ಪ ಸ್ವಲ್ಪವೇ ಉಪ್ಪು ಇಳಿಸೋ ಗುರಿ ಕೊಟ್ಟರು. ಇಳಿದಿದ್ದು ಜನರ ನಾಲಿಗೆಗೆ ದೊಡ್ಡದಾಗಿ ಗೊತ್ತಾಗಲಿಲ್ಲ, ಮೂತ್ರ ಪರೀಕ್ಷೆಯಲ್ಲಿ ಗೊತ್ತಾಯ್ತು.

ಮನೆಯಲ್ಲೇ ಲೆಕ್ಕ ಹಾಕೋದು ಹೇಗೆ?

ಕ್ಯಾನು ಬೇಡ, ಲ್ಯಾಬು ಬೇಡ. ಒಂದು ಪೆನ್ನು ಸಾಕು.

1. ಹೊಸ ಒಂದು ಕೆಜಿ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ಹಳೇ ಉಪ್ಪು ಡಬ್ಬಿಯಲ್ಲಿದ್ದರೆ ಅದು ಮುಗಿದ ಮೇಲೆ ಶುರು ಮಾಡಿ.

2. ಪುಡಿ ಉಪ್ಪು, ಕಲ್ಲುಪ್ಪು ಎರಡೂ ಬಳಸ್ತೀರಾದರೆ ಎರಡನ್ನೂ ಲೆಕ್ಕಕ್ಕೆ ತಗೊಳ್ಳಿ. ಚಮಚದ ಲೆಕ್ಕ ಬೇಡ. ಹರಳಿನ ಮಧ್ಯೆ ಸಂದು ಇರೋದರಿಂದ ಒಂದು ಚಮಚ ಕಲ್ಲುಪ್ಪು, ಒಂದು ಚಮಚ ಪುಡಿ ಉಪ್ಪು ತೂಕದಲ್ಲಿ ಒಂದೇ ಅಲ್ಲ. ತೂಕದ ಲೆಕ್ಕವೇ ಸರಿ.

3. ದನಕ್ಕೆ, ಉಪ್ಪಿನಕಾಯಿಗೆ, ತೊಳೆಯೋಕೆ ಬೇರೆ ಪ್ಯಾಕೆಟ್ ಇಟ್ಟುಕೊಳ್ಳಿ. ಆಗದಿದ್ದರೆ ಎಷ್ಟು ತೆಗೆದಿರಿ ಅಂತ ಬರೆದಿಟ್ಟು ಕಳೆಯಿರಿ.

4. ಖಾಲಿ ಆದ ದಿನ ತಾರೀಕು ನೋಡಿ. 1000 ಗ್ರಾಂ ಅನ್ನು ದಿನಗಳಿಂದ ಭಾಗಿಸಿ, ಬಂದಿದ್ದನ್ನು ಮನೆಯಲ್ಲಿ ಊಟ ಮಾಡೋ ಜನರಿಂದ ಭಾಗಿಸಿ. ಸಣ್ಣ ಮಕ್ಕಳಿಬ್ಬರನ್ನು ಒಬ್ಬರು ಅಂತ ಲೆಕ್ಕ ಹಿಡಿದರೆ ಅಂದಾಜಿಗೆ ಸಾಕು.

ಉದಾಹರಣೆಗೆ, ಗಂಡ, ಹೆಂಡತಿ, ಅಜ್ಜಿ, ಇಬ್ಬರು ಸಣ್ಣ ಮಕ್ಕಳ ಮನೆ. ಒಟ್ಟು 4 ಜನ ಅಂತ ಹಿಡಿಯೋಣ. ಪ್ಯಾಕೆಟ್ 28 ದಿನಕ್ಕೆ ಖಾಲಿ ಆಯ್ತು. ಅದರಲ್ಲಿ 100 ಗ್ರಾಂ ನಿಂಬೆಕಾಯಿ ಉಪ್ಪಿನಕಾಯಿಗೆ ಹೋಗಿತ್ತು. ಉಳಿದ 900 ಗ್ರಾಂ ಅನ್ನು 28ರಿಂದ, ಆಮೇಲೆ 4ರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ ಸುಮಾರು 8 ಗ್ರಾಂ. ಆ ಉಪ್ಪಿನಕಾಯಿಯನ್ನೂ ಮನೆಯವರೇ ತಿಂದರೆ, ಯಜಮಾನರು ಬಸ್ ಸ್ಟ್ಯಾಂಡ್ ಹತ್ತಿರ ತಿನ್ನೋ ಬೋಂಡ ಸೇರಿಸಿದರೆ ಇನ್ನೂ ಮೇಲೆ.

ಇಷ್ಟು ಲೆಕ್ಕ ಬೇಡ ಅಂದರೆ ಈ ಪಟ್ಟಿ ನೋಡಿ. ಒಂದು ಕೆಜಿ ಪ್ಯಾಕೆಟ್ ಎಷ್ಟು ದಿನ ಬರಬೇಕು ಅನ್ನೋದು ಇಲ್ಲಿದೆ. ಮೊದಲ ಅಂಕಿ ಒಬ್ಬರಿಗೆ 5 ಗ್ರಾಂ ಲೆಕ್ಕದಲ್ಲಿ, ಎರಡನೇದು ದೇಶದ ಸರಾಸರಿ 8 ಗ್ರಾಂ ಲೆಕ್ಕದಲ್ಲಿ.

2 ಜನ ಇದ್ದರೆ: 100 ದಿನ, 62 ದಿನ
3 ಜನ ಇದ್ದರೆ: 67 ದಿನ, 42 ದಿನ
4 ಜನ ಇದ್ದರೆ: 50 ದಿನ, 31 ದಿನ
5 ಜನ ಇದ್ದರೆ: 40 ದಿನ, 25 ದಿನ
6 ಜನ ಇದ್ದರೆ: 33 ದಿನ, 21 ದಿನ

ನೆನಪಿಡಿ, 5 ಗ್ರಾಂನಲ್ಲಿ ಹೊರಗಿನ ತಿಂಡಿಯ ಉಪ್ಪೂ ಸೇರಿದೆ. ಹೊರಗೆ ತಿನ್ನೋ ಅಭ್ಯಾಸ ಇರೋ ಮನೆಯಲ್ಲಿ ಪ್ಯಾಕೆಟ್ ಇದಕ್ಕಿಂತ ಇನ್ನೂ ಹೆಚ್ಚು ದಿನ ಬರಬೇಕು. ನಾಲ್ಕು ಜನರ ಮನೆಗೆ ತಿಂಗಳಿಗೊಂದು ಪ್ಯಾಕೆಟ್ ಬೇಕೇ ಬೇಕು ಅನ್ನೋ ಹಾಗಿದ್ದರೆ ಉಪ್ಪು ಜಾಸ್ತಿ ಅಂತಲೇ ಅರ್ಥ. ಇದು ಮನೆಯ ಸರಾಸರಿ, ಅದರಲ್ಲಿ ಯಾರು ಎಷ್ಟು ತಿಂದರು ಅಂತ ಇದು ಹೇಳಲ್ಲ.

ಅಂಗಡಿಯವರಿಗೆ, ಬೇಕರಿಗೆ ಹೋಗೋರಿಗೆ

ಪ್ಯಾಕೆಟ್ ತಿಂಡಿಗಳ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಬರೆಯೋದು ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಡ್ಡಾಯ. ಹೆಚ್ಚಾಗಿ ಅದು 100 ಗ್ರಾಂ ಲೆಕ್ಕದಲ್ಲಿ ಇರುತ್ತೆ, ಕೈಯಲ್ಲಿರೋ ಪ್ಯಾಕೆಟ್ಟಿನ ಲೆಕ್ಕ ಅಲ್ಲ. 100 ಗ್ರಾಂಗೆ 800 ಮಿಲಿಗ್ರಾಂ ಅಂತ ಬರೆದಿದ್ದು, ಪ್ಯಾಕೆಟ್ 25 ಗ್ರಾಂದಾದರೆ ಅದರಲ್ಲಿರೋದು 200 ಮಿಲಿಗ್ರಾಂ ಸೋಡಿಯಂ. ಎರಡೂವರೆಯಿಂದ ಗುಣಿಸಿದರೆ ಅರ್ಧ ಗ್ರಾಂ ಉಪ್ಪು. ದಿನದ ಪಾಲಿನಲ್ಲಿ ಹತ್ತನೇ ಒಂದು ಭಾಗ ಒಂದು ಸಣ್ಣ ಪ್ಯಾಕೆಟ್ಟಲ್ಲೇ ಮುಗೀತು. ಪಕ್ಕದಲ್ಲೇ ಆರ್‌ಡಿಎ ಶೇಕಡಾ ಅಂತ ಇನ್ನೊಂದು ಅಂಕಿ ಇರುತ್ತೆ. ಅದು ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ಅಂತ ಹಿಡಿದು ಹಾಕಿದ್ದು.

ಬೇಕರಿಯ ಬಿಡಿ ಖಾರಾ, ನಿಪ್ಪಟ್ಟು, ಮಿಕ್ಸ್ಚರ್ ಮೇಲೆ ಇಂಥ ಚೀಟಿ ಇರಲ್ಲ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ಇವೆಲ್ಲಾ ಉಪ್ಪಿನಲ್ಲೇ ನಿಂತಿರೋ ಪದಾರ್ಥಗಳು. ಮನೆಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಕಮ್ಮಿ ಆಗಲ್ಲ.

ಅಂಗಡಿಯಲ್ಲಿ ಈಗ ಗಿರಾಕಿಗಳು ಕೇಳೋ ಇನ್ನೆರಡು ಉಪ್ಪಿನ ಬಗ್ಗೆ ಹೇಳಬೇಕು. ಒಂದು ಸೈಂಧವ ಲವಣ, ಪಿಂಕ್ ಸಾಲ್ಟ್. ಬಣ್ಣ ಬೇರೆ, ಬೆಲೆ ಬೇರೆ, ಆದರೆ ಅದರಲ್ಲೂ ಬಹುಪಾಲು ಇರೋದು ಅದೇ ಸೋಡಿಯಂ ಕ್ಲೋರೈಡ್. ಬಿಪಿಗೆ ಒಳ್ಳೇದು ಅಂತ ಜಾಸ್ತಿ ಹಾಕಿಕೊಂಡರೆ ಅದೇ ಕಥೆ. ಅದರ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿಲ್ಲದಿದ್ದರೆ ಥೈರಾಯ್ಡ್‌ಗೆ ಬೇಕಾದ ಅಯೋಡಿನ್ನೂ ತಪ್ಪುತ್ತೆ.

ಎರಡನೇದು ಲೋ ಸೋಡಿಯಂ ಉಪ್ಪು. ಇದರಲ್ಲಿ ಸ್ವಲ್ಪ ಭಾಗ ಸೋಡಿಯಂ ತೆಗೆದು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಇದನ್ನು ಪರೀಕ್ಷೆ ಮಾಡಿದ ಫಲಿತಾಂಶ 2021ರಲ್ಲಿ ಬಂತು. ಅವರು ಹಿಂದೆ ಲಕ್ವ ಹೊಡೆದಿದ್ದವರು ಇಲ್ಲವೇ ವಯಸ್ಸಾಗಿ ಬಿಪಿ ಇದ್ದವರು. ಈ ಉಪ್ಪು ಬಳಸಿದ ಹಳ್ಳಿಗಳಲ್ಲಿ ಲಕ್ವ ಶೇ 14ರಷ್ಟು ಕಮ್ಮಿ ಆಯ್ತು. ಆದರೆ ಕಿಡ್ನಿ ತೊಂದರೆ ಇದ್ದವರಿಗೆ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ ಆಗಬಹುದು. ಕೆಲವು ಬಿಪಿ ಮಾತ್ರೆಗಳೂ ದೇಹದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ. ಗರ್ಭಿಣಿಯರಿಗೆ, ಮಕ್ಕಳಿಗೆ ಇದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿಲ್ಲ. ಅಂಗಡಿಯವರು "ಬಿಪಿಗೆ ಒಳ್ಳೇದು ತಗೊಳ್ಳಿ" ಅಂತ ಕೊಡೋ ಮುಂಚೆ "ಮನೇಲಿ ಕಿಡ್ನಿ ತೊಂದರೆ ಯಾರಿಗಾದ್ರೂ ಇದೆಯಾ?" ಅಂತ ಒಂದು ಮಾತು ಕೇಳಿದರೆ ದೊಡ್ಡ ಉಪಕಾರ.

ಲೆಕ್ಕ ಜಾಸ್ತಿ ಬಂದರೆ ಏನು ಮಾಡಬೇಕು?

ಒಂದೇ ದಿನಕ್ಕೆ ಉಪ್ಪು ಅರ್ಧ ಮಾಡಿದರೆ ಮನೆಯಲ್ಲಿ ಯಾರೂ ಊಟ ಮಾಡಲ್ಲ. ಸ್ವಲ್ಪ ಸ್ವಲ್ಪವೇ ಇಳಿಸಿ, ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತೆ. ಊಟಕ್ಕೆ ಕೂತಾಗ ಪಕ್ಕದಲ್ಲಿ ಉಪ್ಪಿನ ಬಟ್ಟಲು ಇಡೋದು ಬಿಡಿ. ಮಜ್ಜಿಗೆ, ಅನ್ನಕ್ಕೆ ಬೇರೆ ಉಪ್ಪು ಬೇಡ. ಸಾರಿಗೆ ಹುಣಸೆಹಣ್ಣು, ನಿಂಬೆ, ಬೆಳ್ಳುಳ್ಳಿ, ಮೆಣಸು ಸ್ವಲ್ಪ ಮುಂದೆ ಮಾಡಿದರೆ ಉಪ್ಪು ಕಮ್ಮಿ ಇದ್ದದ್ದು ಗೊತ್ತಾಗಲ್ಲ. ಉಪ್ಸಾರು ಮಾಡಿದ ದಿನ ಉಪ್ಪಿನಕಾಯಿ, ಹಪ್ಪಳ ಎರಡೂ ಬೇಡ. ಮುಂದಿನ ಪ್ಯಾಕೆಟ್ ಮೇಲೂ ತಾರೀಕು ಬರೆಯಿರಿ. 28 ದಿನ ಬರ್ತಿದ್ದದ್ದು 33 ದಿನ ಬಂದರೆ ದಾರಿಗೆ ಬಂದಿದ್ದೀರಿ ಅಂತ ಅರ್ಥ.

"ಬಿಸಿಲಲ್ಲಿ ದುಡಿಯೋರಿಗೆ ಬೆವರಲ್ಲಿ ಉಪ್ಪು ಹೋಗಲ್ವಾ?" ಅನ್ನೋ ಪ್ರಶ್ನೆ ನಮ್ಮ ಕಡೆ ಬಂದೇ ಬರುತ್ತೆ. ಹೋಗುತ್ತೆ, ನಿಜ. ಹಾಗಂತ ಉಪ್ಪು ಪೂರ್ತಿ ಬಿಡಿ ಅಂತ ಯಾರೂ ಹೇಳ್ತಿಲ್ಲ. ಆದರೆ ದಿನವಿಡೀ ನೆರಳಲ್ಲಿ, ಫ್ಯಾನಿನ ಕೆಳಗೆ ಗಲ್ಲಾದಲ್ಲಿ ಕೂರೋರು ಹೊಲದವರ ಲೆಕ್ಕ ಹೇಳಿಕೊಂಡು ತಿನ್ನೋದು ಸರಿಯಲ್ಲ. ವಾಂತಿ ಭೇದಿ ಆದಾಗ ಓಆರ್‌ಎಸ್ ಕುಡಿಯೋದನ್ನು ಉಪ್ಪಿದೆ ಅಂತ ಬಿಡಬೇಡಿ. ಬಿಪಿ, ಹೃದಯ, ಕಿಡ್ನಿಗೆ ಮಾತ್ರೆ ತಗೊಳ್ತಿರೋರು ಉಪ್ಪು ಬದಲಾಯಿಸೋ ಮುಂಚೆ ಡಾಕ್ಟರನ್ನು ಕೇಳಿ. ಉಪ್ಪು ಕಮ್ಮಿ ಮಾಡಿದ್ದೀನಿ ಅಂತ ಮಾತ್ರೆ ನಿಲ್ಲಿಸಬೇಡಿ.

ಕೊನೆಗೆ, ಉಪ್ಪಿನ ಲೆಕ್ಕದ ಜೊತೆ ಬಿಪಿ ಲೆಕ್ಕನೂ ಗೊತ್ತಿರಲಿ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ ಉಚಿತವಾಗಿ ನೋಡ್ತಾರೆ. ಐದು ನಿಮಿಷದ ಕೆಲಸ. 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಇನ್ನೊಂದು ದಿನ ಹೋಗಿ ಮತ್ತೆ ನೋಡಿಸಿ, ಆಗಲೂ ಹಾಗೇ ಬಂದರೆ ಡಾಕ್ಟರ್ ಹೇಳಿದ ಹಾಗೆ ಮಾಡಿ. ಸೋಮವಾರ ಸಂತೆಯೋ, ಭಾನುವಾರ ರಜೆಯೋ, ಯಾವತ್ತು ಉಪ್ಪಿನ ಪ್ಯಾಕೆಟ್ ತರ್ತೀರೋ ಅವತ್ತೇ ತಾರೀಕು ಬರೆಯೋಕೆ ಶುರು ಮಾಡಿ.